ಐದೋ ಆರೋ: ಗುರುತ್ವದ ಒಂದು ಲೆಕ್ಕ

ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ತಿದ್ದಲು ಹೊರಟವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಹೊಸ ಸಿದ್ಧಾಂತದಲ್ಲಿ ಗುರುತ್ವ ಎಷ್ಟು ಬಗೆಯಲ್ಲಿ ಸ್ವತಂತ್ರವಾಗಿ ಕಂಪಿಸಬಲ್ಲದು? ಭೌತವಿಜ್ಞಾನಿಗಳು ಇದನ್ನು ‘ಡಿಗ್ರೀಸ್ ಆಫ್ ಫ್ರೀಡಂ’ ಎನ್ನುತ್ತಾರೆ. ಐನ್‌ಸ್ಟೈನರಲ್ಲಿ ಉತ್ತರ 2.

1939ರಲ್ಲಿ ಫೀರ್ಜ್ ಮತ್ತು ಪೌಲಿ, ಗುರುತ್ವದ ಕಣಕ್ಕೆ ದ್ರವ್ಯರಾಶಿ ಇದ್ದರೆ ಈ ಸಂಖ್ಯೆ 5 ಆಗುತ್ತದೆಂದು ತೋರಿಸಿದರು. ಆದರೆ ಅವರ ಲೆಕ್ಕ ದುರ್ಬಲ ಗುರುತ್ವಕ್ಕಷ್ಟೇ ಸೀಮಿತ. 1970ರಲ್ಲಿ ತೊಡಕು ಕಾಣಿಸಿತು. ದ್ರವ್ಯರಾಶಿಯನ್ನು ಸೊನ್ನೆಗೆ ಎಷ್ಟು ಹತ್ತಿರ ತಂದರೂ ಐದರಲ್ಲೊಂದು ಕಂಪನ ಹಿಂದೆ ಸರಿಯುವುದಿಲ್ಲ. ಅದು ಗ್ರಹಗಳ ಸೆಳೆತದಲ್ಲಿ ಪಾಲು ಪಡೆಯುತ್ತದೆ, ಬೆಳಕನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾಗಿ ಗ್ರಹಗಳ ಸೆಳೆತವನ್ನು ವಾಸ್ತವಕ್ಕೆ ಹೊಂದಿಸಿದರೆ, ಸೂರ್ಯನ ಬಳಿ ಬೆಳಕು ಬಾಗುವುದು ಐನ್‌ಸ್ಟೈನರ ಲೆಕ್ಕಕ್ಕಿಂತ ಕಾಲು ಭಾಗ ಕಡಿಮೆಯಾಗಬೇಕು. ಹಾಗಾಗಿಲ್ಲ. ಸಮೀಕರಣವನ್ನು ಪೂರ್ಣ ರೂಪದಲ್ಲಿ ತೆಗೆದುಕೊಂಡರೆ ಸೂರ್ಯನ ಸಮೀಪ ಆ ಕಂಪನ ಅಡಗುತ್ತದೆಂದು 1972ರಲ್ಲಿ ವೈನ್‌ಸ್ಟೈನ್ ಸೂಚಿಸಿದರು.

ಅದೇ ವರ್ಷ ಬೌಲ್ವೇರ್ ಮತ್ತು ಡೆಸರ್ ಆ ಪೂರ್ಣ ರೂಪವನ್ನೇ ಎಣಿಸಿದರು. ಇಂಥ ಎಣಿಕೆಯ ದಾರಿಯನ್ನು ದಶಕದ ಹಿಂದೆ ಆರ್ನೋವಿಟ್, ಮಿಸ್ನರ್ ಜೊತೆ ಹಾಕಿದವರಲ್ಲಿ ಡೆಸರ್ ಕೂಡ ಒಬ್ಬರು. ದೇಶಕಾಲವನ್ನು ಕ್ಷಣಕ್ಷಣದ ಪದರಗಳಾಗಿ ಸೀಳಿದರೆ ಪ್ರತಿ ಪದರದ ಆಕಾರವನ್ನು ಹೇಳುವ 6 ಅಂಶ, ಅವುಗಳ ಸಂವೇಗ 6, ಒಟ್ಟು 12. ಐನ್‌ಸ್ಟೈನರಲ್ಲಿ 4 ನಿರ್ಬಂಧಗಳು ತಲಾ ಎರಡನ್ನು ಕಳೆಯುತ್ತವೆ. ಉಳಿದ 4ರ ಅರ್ಧ 2. ದ್ರವ್ಯರಾಶಿ ಸೇರಿಸಿದರೆ ಆ ನಿರ್ಬಂಧಗಳೇ ಕಳಚಿಬೀಳುತ್ತವೆ. 12ರ ಅರ್ಧ 6! ಆ ಆರನೆಯದರ ಶಕ್ತಿ ಋಣಾತ್ಮಕ. ಅಂಥದ್ದಿದ್ದರೆ ಬರಿಯ ನಿರ್ವಾತವೂ ಧನ, ಋಣ ಶಕ್ತಿಯ ಕಣಗಳಾಗಿ ಒಡೆಯುತ್ತಲೇ ಹೋಗುತ್ತದೆ. ಇದಕ್ಕೆ ‘ಘೋಸ್ಟ್’ ಎಂದೇ ಹೆಸರು. ಸಿದ್ಧಾಂತ ದಶಕಗಳ ಕಾಲ ಮೂಲೆಗೆ ಬಿತ್ತು.

ವಿಶ್ವದ ವಿಸ್ತರಣೆ ವೇಗ ಪಡೆಯುತ್ತಿದೆಯೆಂದು 1998ರಲ್ಲಿ ತಿಳಿದ ಮೇಲೆ, ದೂರದಲ್ಲಿ ದುರ್ಬಲವಾಗುವ ಇಂಥ ಗುರುತ್ವ ಅದಕ್ಕೆ ಕಾರಣವಿರಬಹುದೇ ಎಂಬ ಆಸಕ್ತಿ ಮರಳಿತು. 2010ರಲ್ಲಿ ಕ್ಲಾಡಿಯಾ ಡಿ ರಾಮ್, ಗ್ರೆಗರಿ ಗಬಡಾಡ್ಜೆ, ಆ್ಯಂಡ್ರ್ಯೂ ಟಾಲಿ ಘೋಸ್ಟ್ ಇಲ್ಲದ ರೂಪವೊಂದನ್ನು ಕಟ್ಟಿದರು. ಅನುಮಾನ ಸುಲಭವಾಗಿ ಹೋಗಲಿಲ್ಲ. ಮರುವರ್ಷ ಸ್ಟಾಕ್‌ಹೋಮ್‌ನ ಹಸನ್ ಮತ್ತು ರೇಚೆಲ್ ರೋಸೆನ್ ಮತ್ತೆ 12ರಿಂದಲೇ ಶುರು ಮಾಡಿದರು. ಒಂದು ನಿರ್ಬಂಧ ಉಳಿಯುತ್ತದೆ, ಅದರಿಂದ ಇನ್ನೊಂದು ಹುಟ್ಟುತ್ತದೆ; ಐನ್‌ಸ್ಟೈನರ ನಿರ್ಬಂಧಗಳಂತಲ್ಲದೆ ಇವು ತಲಾ ಒಂದನ್ನಷ್ಟೇ ಕಳೆಯುತ್ತವೆ. ಉಳಿದ 10ರ ಅರ್ಧ 5. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ವ್ಯವಕಲನ ಇದು.

ಪ್ರಕೃತಿ ಈ ಸಿದ್ಧಾಂತವನ್ನು ಒಪ್ಪಿದೆಯೆಂದು ಇದರರ್ಥವಲ್ಲ. 2017ರ ಆಗಸ್ಟ್ 14ರಂದು ಲೈಗೋದ ಎರಡು ಉಪಕರಣಗಳೊಡನೆ ವರ್ಗೋ ಕೂಡ ಗುರುತ್ವ ತರಂಗವನ್ನು ಹಿಡಿದಾಗ, ಫಲಿತಾಂಶ ಐನ್‌ಸ್ಟೈನರ ಎರಡು ಕಂಪನಗಳ ಕಡೆಗೇ ವಾಲಿತು. ಬೇರೆ ಬೇರೆ ದಿಕ್ಕಿಗೆ ತೋಳು ಚಾಚಿದ ಉಪಕರಣಗಳು ಹೆಚ್ಚಿದಷ್ಟೂ ಬೆರೆತ ಕಂಪನಗಳನ್ನು ಬಿಡಿಸಿ ನೋಡಬಹುದು. ಮಹಾರಾಷ್ಟ್ರದ ಹಿಂಗೋಲಿಗೆ ಬರಲಿರುವ ಲೈಗೋ-ಇಂಡಿಯಾ ಬೇಕಾಗಿರುವುದು ಈ ಕೆಲಸಕ್ಕೂ ಹೌದು.