ಸಮುದ್ರದಲ್ಲಿ ನಿಂತ ಕಾಂಕ್ರೀಟ್ ಪೆಟ್ಟಿಗೆಗಳು

ಫ್ರಾನ್ಸ್ ದೇಶದ ಉತ್ತರ ಕರಾವಳಿಯ ನಾರ್ಮಂಡಿ ಪ್ರಾಂತದಲ್ಲಿ ಅರೊಮಾಂಶ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು ಐನೂರು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂದು ಚರ್ಚು, ಕೆಲವು ಹೋಟೆಲು, ಅಂಗಡಿಗಳು, ಕಡಲ ಅಲೆಗೆ ಅಡ್ಡವಾಗಿ ಕಟ್ಟಿದ ಗೋಡೆ. ಊರೆಂದರೆ ಇಷ್ಟೇ. ಆದರೆ ಆ ಗೋಡೆಯ ಬಳಿ ನಿಂತು ನೋಡಿದರೆ ನೀರಿನಲ್ಲಿ ಸಾಲಾಗಿ ನಿಂತ ಕಪ್ಪನೆಯ ಭಾರಿ ಪೆಟ್ಟಿಗೆಗಳು ಕಾಣುತ್ತವೆ. ಹಡಗುಗಳೋ ಬಂಡೆಗಳೋ ಎಂಬ ಅನುಮಾನ ಬರುತ್ತದೆ. ಎರಡೂ ಅಲ್ಲ. 1944ರಲ್ಲಿ ಇಂಗ್ಲೆಂಡಿನಿಂದ ಸಮುದ್ರದ ಮೇಲೆ ಎಳೆದು ತಂದ ಬಂದರೊಂದರ ಅವಶೇಷಗಳವು!

2024ರ ಮೇ ತಿಂಗಳಲ್ಲಿ ಎರಡು ದಿನ ಅಲ್ಲಿದ್ದೆ. ವಿಜ್ಞಾನದ ಮೇಷ್ಟ್ರಾದ ನನಗೆ ಪಠ್ಯಪುಸ್ತಕದ ಅಧ್ಯಾಯಗಳೇ ಕಣ್ಣೆದುರು ನಿಂತಂತಾಯಿತು. ‘ಇದನ್ನೆಲ್ಲ ಕಲಿತು ಏನು ಪ್ರಯೋಜನ ಸಾರ್?’ ಎಂದು ಕೇಳುವ ವಿದ್ಯಾರ್ಥಿಗಳಿಗೆ ಉತ್ತರ ಅಲ್ಲಿದೆ.

ಬಂದರನ್ನೇ ತಂದರು

ಎರಡನೆಯ ಮಹಾಯುದ್ಧದಲ್ಲಿ, 1940ರಿಂದ ಫ್ರಾನ್ಸ್ ಜರ್ಮನಿಯ ಹಿಡಿತದಲ್ಲಿತ್ತು. ಅದನ್ನು ಬಿಡಿಸಲು ಮಿತ್ರರಾಷ್ಟ್ರಗಳು ಸಮುದ್ರ ದಾಟಿ ಬರಬೇಕಿತ್ತು. ಸೈನಿಕರನ್ನು ಇಳಿಸಿದರೆ ಮುಗಿಯಲಿಲ್ಲ. ಅವರಿಗೆ ಆಹಾರ, ಮದ್ದುಗುಂಡು, ಪೆಟ್ರೋಲು, ವಾಹನ ದಿನವೂ ಬರುತ್ತಿರಬೇಕು. ಅದಕ್ಕೆ ಬಂದರು ಬೇಕು. ಬಂದರುಗಳಲ್ಲೆಲ್ಲ ಜರ್ಮನರ ಬಲವಾದ ಕಾವಲು. 1942ರ ಆಗಸ್ಟಿನಲ್ಲಿ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ದಡಕ್ಕೆ ಕಳಿಸಿದ ಸುಮಾರು 6,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಬಂದರು ಸಿಗದಿದ್ದರೆ ನಾವೇ ಒಂದನ್ನು ಕೊಂಡೊಯ್ಯೋಣ ಎಂಬ ವಿಚಾರ ಗಟ್ಟಿಯಾದದ್ದು ಹೀಗೆ.

ಇದಕ್ಕಿಟ್ಟ ಗುಪ್ತ ಹೆಸರು ‘ಮಲ್ಬರಿ’, ಅಂದರೆ ಹಿಪ್ಪುನೇರಳೆ. ಮೊದಲು ಹಳೆಯ ಹಡಗುಗಳನ್ನು ತೀರದಾಚೆ ಸಾಲಾಗಿ ಮುಳುಗಿಸಿದರು. ನಂತರ ‘ಫೀನಿಕ್ಸ್’ ಎಂಬ ಕಾಂಕ್ರೀಟ್ ಪೆಟ್ಟಿಗೆಗಳು ಬಂದವು. ದೊಡ್ಡವು ಸುಮಾರು 60 ಮೀಟರ್ ಉದ್ದ, 17 ಮೀಟರ್ ಅಗಲ, 18 ಮೀಟರ್ ಎತ್ತರ. ತೂಕ ಸುಮಾರು 6,000 ಟನ್. ಇಷ್ಟು ಭಾರದ ಕಾಂಕ್ರೀಟ್ ತೇಲುವುದು ಹೇಗೆ?

ಆರ್ಕಿಮಿಡೀಸನ ತತ್ತ್ವ ನೆನಪಿಸಿಕೊಳ್ಳಿ. ಪೆಟ್ಟಿಗೆಯ ಒಳಗೆ ಟೊಳ್ಳು. ಅದು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುವವರೆಗೆ ಮುಳುಗಿ ಅಲ್ಲಿಗೆ ನಿಲ್ಲುತ್ತದೆ. 60ನ್ನು 17ರಿಂದ ಗುಣಿಸಿ, ಬಂದ ಉತ್ತರದಿಂದ 6,000ವನ್ನು ಭಾಗಿಸಿ. ಸುಮಾರು ಆರು ಮೀಟರ್ ಬರುತ್ತದೆ. ಅಂದರೆ ಹದಿನೆಂಟು ಮೀಟರಿನಲ್ಲಿ ಆರು ಮಾತ್ರ ನೀರಿನೊಳಗೆ. ಎಳೆಹಡಗುಗಳು ಎಳೆದು ತಂದ ಮೇಲೆ ಕವಾಟ ತೆರೆದು ಒಳಗೆ ನೀರು ಬಿಟ್ಟರೆ ಪೆಟ್ಟಿಗೆ ತಳಕ್ಕೆ ಕೂರುತ್ತದೆ; ಅಲೆ ತಡೆಯುವ ಗೋಡೆ ಸಿದ್ಧ!

ಗೋಡೆಯೊಳಗಿನ ಶಾಂತ ನೀರಿನಲ್ಲಿ ಹಡಗಿನ ಸಾಮಾನು ಇಳಿಸಲು ದಕ್ಕೆಗಳು ಬೇಕು. ಅವು ಉಬ್ಬರ ಇಳಿತದೊಂದಿಗೆ ತಾವೂ ಏರಿಳಿಯಬೇಕೆಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ 1942ರಲ್ಲೇ ಟಿಪ್ಪಣಿ ಬರೆದಿದ್ದರು. ಅದರಂತೆ ನಾಲ್ಕು ಕಾಲುಗಳ ನಡುವೆ ಮೇಲೆ ಕೆಳಗೆ ಸರಿಯುವ ದಕ್ಕೆಗಳು, ಅಲ್ಲಿಂದ ದಡಕ್ಕೆ ತೇಲುವ ರಸ್ತೆಗಳು ತಯಾರಾದವು.

ಇಂತಹ ಬಂದರು ಎರಡು ಇದ್ದವು. ಜೂನ್ 19ರಂದು ಎದ್ದ ಬಿರುಗಾಳಿ ಒಮಾಹಾ ತೀರದಲ್ಲಿದ್ದ ಅಮೆರಿಕನ್ನರ ಬಂದರನ್ನು ರಿಪೇರಿಯಾಗದಷ್ಟು ಮುರಿದುಹಾಕಿತು. ಅರೊಮಾಂಶ್‌ನ ಬಂದರು ಪೆಟ್ಟು ತಿಂದರೂ ಉಳಿದು ತಿಂಗಳುಗಟ್ಟಲೆ ದುಡಿಯಿತು. ಇಳಿತದ ಹೊತ್ತಿನಲ್ಲಿ ಅದರ ಕೆಲವು ಭಾಗಗಳ ಬಳಿಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಇದರ ಕಥೆ ಹೇಳುವ ಮ್ಯೂಸಿಯಂ ಕಡಲ ಪಕ್ಕದಲ್ಲೇ ಇದೆ; ಅದರ ಹೊಸ ಕಟ್ಟಡ ತೆರೆದದ್ದು 2023ರಲ್ಲಿ.

ಚಂದ್ರ, ಉಬ್ಬರ, ಹವೆ

ಈ ತೀರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಆರು ಮೀಟರಿಗೂ ಹೆಚ್ಚು ವ್ಯತ್ಯಾಸ. ಜರ್ಮನರು ಮರಳಿನಲ್ಲಿ ನೆಟ್ಟಿದ್ದ ಅಡೆತಡೆಗಳು ಉಬ್ಬರದಲ್ಲಿ ನೀರಿನಡಿ ಅಡಗುತ್ತಿದ್ದವು. ಹಾಗಾಗಿ ಬೆಳಗಿನ ಜಾವ ನೀರು ಇಳಿದು ಮತ್ತೆ ಏರತೊಡಗುವ ಹೊತ್ತಿಗೆ ದಡ ಸೇರಬೇಕಿತ್ತು. ಹಿಂದಿನ ರಾತ್ರಿ ಪ್ಯಾರಾಚೂಟಿನಿಂದ ಇಳಿಯುವವರಿಗೆ ಬೆಳದಿಂಗಳೂ ಬೇಕಿತ್ತು. ಇವೆರಡೂ ಕೂಡಿಬರುವುದು ತಿಂಗಳಿಗೆ ಕೆಲವೇ ದಿನ.

ಉಬ್ಬರದ ಲೆಕ್ಕ ಹಾಕಿದವರು ಲಿವರ್‌ಪೂಲ್ ಬಳಿಯ ಸಂಸ್ಥೆಯಲ್ಲಿದ್ದ ಗಣಿತಜ್ಞ ಆರ್ಥರ್ ಡೂಡ್ಸನ್. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಗುಟ್ಟು ಕಾಯಲು ಅವರಿಗೂ ಜಾಗದ ಹೆಸರು ಹೇಳದೆ ‘ಝಡ್ ಸ್ಥಳ’ ಎಂದಷ್ಟೇ ಬರೆದು ಅಂಕಿಗಳನ್ನು ಕಳಿಸಿದ್ದರು. ಕಂಪ್ಯೂಟರ್ ಇಲ್ಲದ ಕಾಲ; ಲೆಕ್ಕ ಮಾಡಿದ್ದು ಹಲ್ಲುಚಕ್ರ, ರಾಟೆಗಳ ಯಂತ್ರ. ಚಂದ್ರ, ಸೂರ್ಯರ ಸೆಳೆತದ ಒಂದೊಂದು ಅಂಶಕ್ಕೆ ಒಂದೊಂದು ರಾಟೆ. ಎಲ್ಲದರ ಮೇಲೂ ಹಾದುಹೋದ ತಂತಿ ಅವುಗಳ ಚಲನೆಯನ್ನು ಕೂಡಿಸುತ್ತಿತ್ತು.

ದಾಳಿಗೆ ಮೊದಲು ಗೊತ್ತುಮಾಡಿದ್ದು ಜೂನ್ 5. ಆದರೆ ಹವೆ ಕೆಡಲಿದೆ ಎಂದು ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಎಚ್ಚರಿಸಿದರು. ಐರ್ಲೆಂಡಿನ ಪಶ್ಚಿಮ ತುದಿಯ ಬ್ಲ್ಯಾಕ್‌ಸಾಡ್‌ನಲ್ಲಿ, ಅಂಚೆ ಕಚೇರಿಯ 21 ವರ್ಷದ ಮೌರೀನ್ ಎಂಬ ಯುವತಿ ಓದಿ ಕಳಿಸಿದ ವಾಯುಭಾರಮಾಪಕದ ಅಂಕಿಗಳೂ ಈ ನಿರ್ಧಾರದ ಹಿಂದಿದ್ದವು. ಅವು ಯಾತಕ್ಕೆಂದು ಆಕೆಗೆ ಆಗ ತಿಳಿದಿರಲಿಲ್ಲ. ಒಂದು ದಿನ ತಡೆದು ಜೂನ್ 6ರಂದು ಸುಮಾರು 1,56,000 ಸೈನಿಕರು ನಾರ್ಮಂಡಿಗೆ ಬಂದಿಳಿದರು. ಅದನ್ನೂ ಕೈಬಿಟ್ಟಿದ್ದರೆ ಉಬ್ಬರ ಮತ್ತೆ ಅನುಕೂಲವಾಗುತ್ತಿದ್ದುದು ಸುಮಾರು ಜೂನ್ 19ಕ್ಕೆ. ಬಂದರನ್ನು ಮುರಿದ ಬಿರುಗಾಳಿ ಎದ್ದದ್ದು ಅಂದೇ!

ಅರೊಮಾಂಶ್‌ನಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಲಾಂಗ್ ಸುರ್ ಮೇರ್. ಇಲ್ಲಿನ ಕಾಂಕ್ರೀಟ್ ಗೂಡುಗಳಲ್ಲಿ ಜರ್ಮನರ ಫಿರಂಗಿಗಳು ಇದ್ದಲ್ಲೇ ಉಳಿದಿವೆ. ಮುಂದೆ ಕೊಲ್‌ವಿಲ್‌ನಲ್ಲಿ, ಒಮಾಹಾ ತೀರದ ದಿಬ್ಬದ ಮೇಲೆ, ಅಮೆರಿಕನ್ ಸ್ಮಶಾನ. ಒಂಬತ್ತು ಸಾವಿರಕ್ಕೂ ಮೀರಿದ ಬಿಳಿ ಕಲ್ಲುಗಳು.

ಬಟ್ಟೆಯ ಮೇಲೆ ಧೂಮಕೇತು

ಒಳನಾಡಿಗೆ ಹತ್ತು ಕಿಲೋಮೀಟರ್ ಬಂದರೆ ಬಾಯೂ ಪಟ್ಟಣ. 1077ರಲ್ಲಿ ಪ್ರತಿಷ್ಠಾಪನೆಯಾದ ಕೆಥೆಡ್ರಲ್ ಇಲ್ಲಿದೆ. ಊರಿಗೆ ಹೆಸರು ತಂದದ್ದು ಮಾತ್ರ ಸುಮಾರು 70 ಮೀಟರ್ ಉದ್ದದ, ಅರ್ಧ ಮೀಟರ್ ಅಗಲದ ಲಿನನ್ ಬಟ್ಟೆ. ನಾರ್ಮಂಡಿಯ ವಿಲಿಯಂ 1066ರಲ್ಲಿ ಸಮುದ್ರ ದಾಟಿ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಉಣ್ಣೆಯ ನೂಲಿನಿಂದ ಅದರ ಮೇಲೆ ಕಸೂತಿ ಮಾಡಿದ್ದಾರೆ.

ಅದರಲ್ಲೊಂದು ಕಡೆ ಜನ ಆಕಾಶದ ಬಾಲದ ನಕ್ಷತ್ರಕ್ಕೆ ಬೆರಳು ತೋರಿಸುತ್ತಿದ್ದಾರೆ. ಅದು ನಮ್ಮ ಹ್ಯಾಲಿ ಧೂಮಕೇತು! ಇಂಗ್ಲೆಂಡಿನ ದೊರೆ ಹೆರಾಲ್ಡನಿಗೆ ಅದು ಅಪಶಕುನವೆಂದು ಬಗೆದರು. ಅಕ್ಟೋಬರಿನಲ್ಲಿ ಆತ ಯುದ್ಧದಲ್ಲಿ ಸತ್ತ. ಆದರೆ ಅದೇ ಧೂಮಕೇತುವಿನಡಿ ವಿಲಿಯಂ ಗೆದ್ದನಲ್ಲ? ಎಡ್ಮಂಡ್ ಹ್ಯಾಲಿ 1531, 1607, 1682ರಲ್ಲಿ ಕಂಡದ್ದು ಒಂದೇ ಧೂಮಕೇತು ಎಂದು ಲೆಕ್ಕಹಾಕಿ, 1758ಕ್ಕೆ ಮತ್ತೆ ಬರುವುದೆಂದರು. 1742ರಲ್ಲಿ ಅವರು ತೀರಿಕೊಂಡರು. ಧೂಮಕೇತು ಹೇಳಿದ ವರ್ಷವೇ ಕಾಣಿಸಿತು. 1986ರಲ್ಲಿ ಅದು ಬಂದಾಗ ನಾನು ಹೈಸ್ಕೂಲು ಹುಡುಗ. ಮುಂದಿನ ಬಾರಿ 2061ರಲ್ಲಿ. ಈಗಿನ ಒಂಬತ್ತನೇ ತರಗತಿಯವರಿಗೆ ಆಗ ಐವತ್ತರ ಆಸುಪಾಸು.

ಕಸೂತಿ ನೋಡಲು ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ನವೀಕರಣಕ್ಕಾಗಿ ಮ್ಯೂಸಿಯಂ 2025ರ ಸೆಪ್ಟೆಂಬರಿನಿಂದ ಮುಚ್ಚಿದ್ದು, 2027ರಲ್ಲಿ ತೆರೆಯುವ ಯೋಜನೆಯಿದೆ.

ಕಲ್ಲಿನ ಮೇಲಿನ ವಯಸ್ಸು

ಬಾಯೂವಿನ ಅಂಚಿನಲ್ಲಿ ಬ್ರಿಟಿಷ್ ಸೈನಿಕರ ಸ್ಮಶಾನವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಸಮಾಧಿಗಳು. ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಶತ್ರುಗಳಾಗಿದ್ದ ಜರ್ಮನರವು. ಎಲ್ಲಕ್ಕೂ ಒಂದೇ ಆರೈಕೆ. ಎದುರಿನ ಸ್ಮಾರಕದ ಮೇಲಿನ ಲ್ಯಾಟಿನ್ ಬರಹದ ತಾತ್ಪರ್ಯ ಹೀಗೆ: ಒಮ್ಮೆ ವಿಲಿಯಂನಿಂದ ಸೋತ ನಾವು, ಗೆದ್ದವನ ನಾಡನ್ನೇ ಬಿಡಿಸಿದೆವು.

ಅನೇಕ ಕಲ್ಲುಗಳ ಮೇಲೆ ವಯಸ್ಸಿದೆ: ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ನಮ್ಮ ಡಿಗ್ರಿ ಕಾಲೇಜಿನ ಮಕ್ಕಳ ವಯಸ್ಸು. ಕೆಳಗೆ ಮನೆಯವರು ಆರಿಸಿದ ಒಂದೆರಡು ಸಾಲು. ಬಹಳಷ್ಟು ಕಡೆ ಅವು ತಾಯಿ ತಂದೆಯರ ಮಾತು. ಇಲ್ಲಿ ಮಲಗದವರೂ ಇದ್ದಾರೆ. 1944ರ ಕಾಳಗದಲ್ಲಿ ನಾರ್ಮಂಡಿಯ ಸುಮಾರು 20,000 ಸಾಮಾನ್ಯ ನಾಗರಿಕರು ಸತ್ತರು. ಅವರಲ್ಲಿ ಬಹುಪಾಲು ಮಿತ್ರರಾಷ್ಟ್ರಗಳ ಬಾಂಬುಗಳಿಗೇ ಬಲಿಯಾದವರು.

ಕಲಿತದ್ದರಿಂದ ಏನು ಪ್ರಯೋಜನ ಎನ್ನುವ ಪ್ರಶ್ನೆಗೆ ಹಿಂತಿರುಗೋಣ. ಉಬ್ಬರದ ಲೆಕ್ಕ ತಪ್ಪಿದ್ದರೆ, ವಾಯುಭಾರವನ್ನು ಯಾರೋ ಉದಾಸೀನದಿಂದ ಓದಿದ್ದರೆ ಆ ಕಲ್ಲುಗಳ ಸಾಲು ಇನ್ನೂ ಉದ್ದವಾಗುತ್ತಿತ್ತು. ಅದೇ ವಿದ್ಯೆ ಫಿರಂಗಿಯ ಗುರಿಯನ್ನೂ ಲೆಕ್ಕ ಹಾಕಿಕೊಟ್ಟಿತ್ತು ಎಂಬುದೂ ಅಷ್ಟೇ ನಿಜ. ಲೆಕ್ಕವನ್ನು ಸರಿಯಾಗಿ ಮಾಡುವುದನ್ನು ನಾವು ಶಾಲೆಯಲ್ಲಿ ಕಲಿಸಬಲ್ಲೆವು. ಅದನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಮನೆಯೂ ಶಾಲೆಯೂ ಸೇರಿಯೇ ಕಲಿಸಬೇಕು.