ಸೆಕೆಂಡ್‌ಹ್ಯಾಂಡ್ ಪೆಡಲು: ತುಳಿದು ನೋಡದೆ ದುಡ್ಡು ಎಣಿಸಬೇಡಿ

ಈಸ್ಟರ್ ಕಳೆಯಿತೆಂದರೆ ಮಂಗಳೂರಲ್ಲಿ ಕ್ರೈಸ್ತರ ಮದುವೆಗಳ ಸುಗ್ಗಿ. ಒಂದು ಮನೆಯಲ್ಲಿ ರೋಸ್, ಇನ್ನೊಂದು ಕಡೆ ಹಾಲಿನಲ್ಲಿ ರಿಸೆಪ್ಶನ್. ಎಲ್ಲ ಕಡೆಗೂ ಬ್ಯಾಂಡು ಬೇಕು. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಬೆನ್ನಿಗೆ ಗಿಟಾರಿನ ಚೀಲ ಹಾಕಿಕೊಂಡ ಹುಡುಗರನ್ನು ನೀವು ನೋಡಿಯೇ ಇರುತ್ತೀರಿ. ಅವರ ಇನ್ನೊಂದು ಕೈಚೀಲದಲ್ಲಿ ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿಗಳುಂಟು. ಅವೇ ಪೆಡಲುಗಳು. ಇವತ್ತಿನ ಸುದ್ದಿ ಅವುಗಳದ್ದು.

ಗಿಟಾರಿನ ವಯರು ಮೊದಲು ಪೆಡಲಿಗೆ, ಅಲ್ಲಿಂದ ಸ್ಪೀಕರಿಗೆ. ಕಾಲಲ್ಲಿ ಒತ್ತಿದರೆ ಸ್ವರದ ಬಣ್ಣ ಬದಲಾಗುತ್ತದೆ. ಒಂದು ಡಬ್ಬಿ ಸ್ವರವನ್ನು ಗರಗರ ಮಾಡುತ್ತದೆ, ಇನ್ನೊಂದು ಬಾವಿಯಲ್ಲಿ ಕೂಗಿದ ಹಾಗೆ ಮಾರ್ದನಿ ಕೊಡುತ್ತದೆ. ಜಪಾನಿನ ಬಾಸ್ ಕಂಪೆನಿ 1977ರಿಂದ ಇಂಥ ಸಣ್ಣ ಡಬ್ಬಿಗಳನ್ನು ಮಾರುತ್ತಾ ಬಂದಿದೆ. ಅದರ ಕಿತ್ತಳೆ ಬಣ್ಣದ ಡಿಎಸ್-1 ಬಂದದ್ದು 1978ರಲ್ಲಿ, ಇವತ್ತಿಗೂ ತಯಾರಾಗುತ್ತದೆ. ಮದ್ಯದಂತೆ ಹಳೆಯದಾದಷ್ಟು ಬೆಲೆ ಏರುವ ಮಾಲೂ ಉಂಟು. ಅಮೆರಿಕದಲ್ಲಿ 1994ರಿಂದ ಕೈಯಲ್ಲೇ ಮಾಡಿ ಮಾರಿದ ಕ್ಲಾನ್ ಎಂಬ ಪೆಡಲಿಗೆ ಈಗ ಸಾವಿರಾರು ಡಾಲರ್ ಕೊಡುವವರಿದ್ದಾರೆ. ನಮ್ಮ ಹುಡುಗರಿಗೆ ಅದು ದೂರದ ಬೆಟ್ಟ, ಬಿಡಿ.

ಸಂಗೀತಕ್ಕೆ ನಮ್ಮೂರಲ್ಲಿ ಬರಗಾಲವಿಲ್ಲ. ವಿಲ್ಫಿ ರೆಬಿಂಬಸ್ ಹಾಡಿದ ಊರು ಇದು. 1986ರಲ್ಲಿ ಮಾಂಡ್ ಸೊಭಾಣ್ ಹುಟ್ಟಿತು. 2008ರ ಜನವರಿಯಲ್ಲಿ ಅವರು ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ಬರ ಇರುವುದು ಕಿಸೆಯಲ್ಲಿ. ಹೊಸ ಪೆಡಲು ಒಂದಕ್ಕೇ ಸಾವಿರಗಳ ಲೆಕ್ಕ, ಹುಡುಗನಿಗೆ ಬೇಕಾದದ್ದು ಮೂರು ನಾಲ್ಕು. ಹಾಗಾಗಿ ಹಳೆಯದರ ಬೇಟೆ. ಗಲ್ಫಿನಿಂದ ರಜೆಗೆ ಬಂದವರು ತಂದದ್ದು, ಬ್ಯಾಂಡು ಬಿಟ್ಟು ಕೆಲಸಕ್ಕೆ ಸೇರಿದವರು ಅಟ್ಟಕ್ಕೆ ಹಾಕಿದ್ದು, ಎಲ್ಲ ಕೈ ಬದಲಾಗುತ್ತದೆ.

ಇಲ್ಲೇ ಜಾಗ್ರತೆ ಬೇಕು ಮಾರಾಯ್ರೆ. ಹೊರಗೆ ಫಳಫಳ ಎನ್ನುವ ಡಬ್ಬಿಯ ಹೊಟ್ಟೆಯಲ್ಲಿ ಎಂತ ಉಂಟು ಎಂದು ಯಾರಿಗೆ ಗೊತ್ತು? ನಮ್ಮದು ಕಡಲ ತಡಿ. ನಾಲ್ಕು ತಿಂಗಳ ಮಳೆ, ಉಪ್ಪಿನ ಗಾಳಿ. ತಿರುಗಿಸುವ ಗುಂಡಿ ಪರಪರ ಸದ್ದು ಮಾಡಿದರೆ ಒಳಗೆ ಕೊಳೆ ಕೂತಿದೆ ಎಂದರ್ಥ. ಅದಕ್ಕೆ ಹೆದರಬೇಡಿ, ಕ್ಲೀನರ್ ಸ್ಪ್ರೇ ಹೊಡೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಹೆದರಬೇಕಾದದ್ದು ಬ್ಯಾಟರಿಗೆ. 9 ವೋಲ್ಟಿನ ಚೌಕ ಬ್ಯಾಟರಿ ವರ್ಷಗಟ್ಟಲೆ ಒಳಗೇ ಕೂತು ಸೋರಿದ್ದರೆ ತಾಮ್ರದ ಗೆರೆಗಳನ್ನೇ ತಿಂದಿರುತ್ತದೆ. ಮುಚ್ಚಳ ತೆಗೆದು ತೋರಿಸಿ ಅನ್ನಿ. ತೋರಿಸಲಿಕ್ಕೆ ಮನಸ್ಸಿಲ್ಲದವನ ಹತ್ತಿರ ವ್ಯಾಪಾರ ಬೇಡ. ಹಸಿರು ಪುಡಿ ಕಂಡರೆ ನಮಸ್ಕಾರ ಹೇಳಿ ಬನ್ನಿ.

ಅಡಾಪ್ಟರಿನ ಕತೆ ಬೇರೆ. ಹೆಚ್ಚಿನ ಪೆಡಲುಗಳಿಗೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯ ಇಂಟರ್ನೆಟ್ ಡಬ್ಬಿಯ ಅಡಾಪ್ಟರು ಸಾಮಾನ್ಯವಾಗಿ ಇದರ ಉಲ್ಟಾ, ಮೇಲಾಗಿ 12 ವೋಲ್ಟಿನದ್ದು. ಪಿನ್ನು ಸಲೀಸಾಗಿ ಹೊಕ್ಕೀತು, ಡಬ್ಬಿ ಸತ್ತೀತು. ಇನ್ನೊಂದು, ಜಪಾನಿನ ಮನೆಗಳಲ್ಲಿ 100 ವೋಲ್ಟು, ಅಮೆರಿಕದಲ್ಲಿ 120. ಸೌದಿಯ ಮನೆಗಳಲ್ಲೂ ಹಿಂದೆ 127 ಇತ್ತು. ಅಲ್ಲಿಂದ ಬಂದ ಹಳೇ ಅಡಾಪ್ಟರನ್ನು ಬೆನ್ನು ಓದದೆ ನಮ್ಮ 230ಕ್ಕೆ ಚುಚ್ಚಿದರೆ ಹೊಗೆ ನೋಡಲಿಕ್ಕೆ ಸಿಗುತ್ತದೆ.

ಇದರಲ್ಲಿ ಕೊಳ್ಳುವವನಿಗೆ ಲಾಭದ ದಾರಿಯೂ ಒಂದುಂಟು. ಬಾಸಿನ ಕೆಲವು ಹಳೇ ಪೆಡಲುಗಳ ಮೇಲೆ ಎಸಿಎ ಅಡಾಪ್ಟರ್ ಎಂದು ಬರೆದಿರುತ್ತದೆ. ಅವಕ್ಕೆ ಈಗಿನ ಪಿಎಸ್‌ಎ ಅಡಾಪ್ಟರು ಹಾಕಿದರೆ ದೀಪ ಮಂಕು, ಸದ್ದೂ ಸೊರಗುತ್ತದೆ. ಮಾರುವವನು ಕೆಟ್ಟಿದೆ ಎಂದೇ ತಿಳಿದು ಕಡಿಮೆಗೆ ಕೊಟ್ಟಾನು. ಹೊಸ ಬ್ಯಾಟರಿ ಹಾಕಿ ನೋಡಿ. ದೀಪ ಚೆನ್ನಾಗಿ ಉರಿದರೆ ಮಾಲು ಆರೋಗ್ಯವಾಗಿದೆ. ಇದನ್ನು ಮಾರುವವನಿಗೆ ಹೇಳಬೇಕೋ ಬೇಡವೋ, ಅದು ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು.

ಕೊಳ್ಳಲು ಹೋಗುವಾಗ ಸ್ವಂತ ಗಿಟಾರು, ಸ್ವಂತ ವಯರು, ಹೊಸ ಬ್ಯಾಟರಿ ಒಯ್ಯಿರಿ. ಹತ್ತಿಪ್ಪತ್ತು ಸಲ ತುಳಿಯಿರಿ. ಸ್ವಿಚ್ಚು ಒಂದು ಸಲ ತಪ್ಪಿದರೂ ರೇಟು ಇಳಿಸಿ. ಬಾಸಿನ ನಕಲಿಯೂ ಬಜಾರಿನಲ್ಲಿ ಓಡಾಡುತ್ತದೆ, ಅಡಿಯ ಸೀರಿಯಲ್ ನಂಬರ್ ಇಲ್ಲದ್ದನ್ನು, ಕೆರೆದು ತೆಗೆದದ್ದನ್ನು ಮುಟ್ಟಬೇಡಿ.

ಮೊಬೈಲಿನಲ್ಲಿ ಫೋಟೋ ತೋರಿಸಿ "ನಾನು ಮಿಲಿಟರಿಯಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಪಾರ್ಸೆಲ್ ಬರುತ್ತದೆ" ಎನ್ನುವವರ ಮಾತಿಗೆ ಬೀಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎರಡು ರೋಸಿನ ಸಂಬಳ ಹೀಗೆ ಕಳಕೊಂಡ ಹುಡುಗ ಮೂರನೆಯ ರೋಸಿಗೆ ಸಾಲದ ಪೆಡಲು ಹಿಡಿದು ಹೋಗಬೇಕಾಗುತ್ತದೆ.

ಅಂಗಡಿಯವರಿಗೂ ಒಂದು ಮಾತು. ಕಾರ್ಯಕ್ರಮ ಮುಗಿದ ಗಡಿಬಿಡಿಯಲ್ಲಿ ವೇದಿಕೆಯ ಹಿಂದಿನಿಂದ ಪೆಡಲು ಮಾಯವಾಗುವುದು ಹೊಸತಲ್ಲ. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು. 2024ರ ಜುಲೈವರೆಗೆ ಇದೇ ಐಪಿಸಿ 411 ಆಗಿತ್ತು. ಅರ್ಧ ಬೆಲೆಗೆ, ಅಡಾಪ್ಟರಿಲ್ಲದೆ, ಹೆಸರು ಹೇಳಲು ತಡವರಿಸುತ್ತಾ ಯಾರಾದರೂ ಡಬ್ಬಿ ತಂದರೆ ಗುರುತಿನ ಚೀಟಿ ಕೇಳಿ, ನಂಬರ್ ಬರೆದಿಡಿ. ನ್ಯಾಯದ ಮಾಲಾದರೆ ತಂದವನು ನಾಳೆ ಚೀಟಿ ಹಿಡಿದು ಮತ್ತೆ ಬರುತ್ತಾನೆ.