ಎಂಜಿನ್ ಆಮೇಲೆ, ಮೊದಲು ಬ್ರೇಕು!

ಕುಕ್ ಟೌನಿನ ಹಳೇ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗಿಬಿಟ್ಟಿವೆ. ಉಳಿದಿರುವ ಕಾಂಪೌಂಡುಗಳಲ್ಲಿ ಇಣುಕಿದರೆ, ಮರದ ಕೆಳಗೆ ಟಾರ್ಪಾಲು ಹೊದ್ದು ಮಲಗಿದ ಫಿಯೆಟ್ಟೋ ಅಂಬಾಸಿಡರ್ರೋ ಈಗಲೂ ಕಣ್ಣಿಗೆ ಬೀಳುತ್ತದೆ. ಅಪ್ಪನ ಕಾರು. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ.

ಅಂಥದೇ ಒಂದು ಮನೆಯ ಪ್ರೀಮಿಯರ್ ಪದ್ಮಿನಿ ಹದಿನೈದು ವರ್ಷದಿಂದ ಕದಲಿರಲಿಲ್ಲ. ಮೊಮ್ಮಗಳ ಮದುವೆಗೆ ತಾತನ ಕಾರಲ್ಲೇ ಹೋಗಬೇಕೆಂಬ ಹಟ. ಹೊಸ ಬ್ಯಾಟರಿ ಹಾಕಿದರು, ಎಂಜಿನ್ ಗುರ್ ಅಂತು, ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ಚಾವಿ ಕಿತ್ತು ಜೇಬಿಗಿಟ್ಟುಕೊಂಡ.

'ಎಂಜಿನ್ ಸ್ಟಾರ್ಟ್ ಆಗ್ದಿದ್ರೆ ಗಾಡಿ ಮನೇಲಿರತ್ತೆ ಸಾರ್. ಬ್ರೇಕ್ ಹಿಡೀದಿದ್ರೆ ಎಲ್ಲಿರತ್ತೆ ಹೇಳಿ?'

ಮಾತು ಖಡಕ್ಕು, ಆದರೆ ಸತ್ಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುವ ಪದಾರ್ಥ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಯೊಳಗೆ ಕುದಿಯಬಾರದೆಂಬುದು ನಿಯಮ. ಶೇ 3.7ರಷ್ಟು ನೀರು ಸೇರಿತೋ, ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲ್ ಸೀದಾ ಕೆಳಕ್ಕೆ. ಅದೇ ನೀರು ವೀಲ್ ಸಿಲಿಂಡರಿಗೆ ತುಕ್ಕು ಹಿಡಿಸಿ ಪಿಸ್ಟನ್ ಕಚ್ಚಿಸುತ್ತದೆ. ರಬ್ಬರ್ ಹೋಸ್ ಮೇಲೆ ನೋಡಲು ಚೆನ್ನಾಗೇ ಇರುತ್ತೆ. ಒಳಗೆ ಊದಿಕೊಂಡಿದ್ದರೆ ಆಯಿಲ್ ಮುಂದಕ್ಕೆ ಹೋಗುತ್ತೆ, ವಾಪಸು ಬರೋಲ್ಲ. ಕಾಲು ತೆಗೆದರೂ ಚಕ್ರ ಹಿಡಿದೇ ಇರುತ್ತದೆ.

ಇನ್ನೊಂದು ಅಪಾಯವಿದೆ. ಆ ಕಾಲದ ಫಿಯೆಟ್‌ನಲ್ಲಿ ನಾಲ್ಕೂ ಡ್ರಮ್ ಬ್ರೇಕಿಗೆ ಒಂದೇ ಲೈನು. ಒಂದು ಚಕ್ರದಲ್ಲಿ ಆಯಿಲ್ ಸೋರಿದರೆ ನಾಲ್ಕೂ ಖಾಲಿ.

ಮೇಸ್ತ್ರಿ ನಾಲ್ಕೂ ಡ್ರಮ್ ಬಿಚ್ಚಿದ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಶ್ವಾಸಕೋಶಕ್ಕೆ ವಿಷ. ಆಯಿಲ್ ಕುಡಿದಿದ್ದ ಲೈನಿಂಗು, ಗುಳಿ ಬಿದ್ದಿದ್ದ ಸಿಲಿಂಡರು, ಹೋಸು, ರಬ್ಬರ್ ಕಪ್ಪು ಎಲ್ಲ ಹೊಸದು. ತೊಳೆಯಲು ಸೀಮೆಎಣ್ಣೆ, ಪೆಟ್ರೋಲ್ ತಂದ ಹುಡುಗನಿಗೆ ಬೈಗುಳ! ಅವು ತಾಗಿದರೆ ರಬ್ಬರ್ ಊದಿಕೊಂಡು ಕೆಡುತ್ತದೆ.

ಬಾಗಿಲ ಹಿಡಿಕೆ, ದೀಪದ ಗಾಜು ಗುಜರಿಯಲ್ಲಿ ಸಿಕ್ಕರೆ ಅದೃಷ್ಟ, ಶಿವಾಜಿನಗರಕ್ಕೆ ಹೋಗಿ ಹುಡುಕಬಹುದು. ಬ್ರೇಕಿನ ರಬ್ಬರು ಮಾತ್ರ ಅಲ್ಲಿ ಬೇಡ. ಡಬ್ಬಿ ಒಡೆಯದಿದ್ದರೂ ವರ್ಷಗಟ್ಟಲೆ ಬಿದ್ದಿದ್ದ ರಬ್ಬರು ಮುದಿಯಾಗಿರುತ್ತೆ.

ಆಮೇಲೆ ಏರ್ ತೆಗೆಯುವ ಕೆಲಸ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ನಿಪ್ಪಲ್ ಸಡಿಲಿಸಿ ಬಿಗಿ ಮಾಡಬೇಕು, ಅದಾದ ಮೇಲೇ ಪೆಡಲ್ ಬಿಡಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ಬಾಟ್ಲಿಯಲ್ಲಿ ಗುಳ್ಳೆ ನಿಲ್ಲೋವರೆಗೂ ಇದೇ ಕವಾಯತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತೆ. ಸಂತೋಷ. ಆದರೆ ಪ್ಲೇಟು ಗಾಡಿ ನಿಲ್ಲಿಸೋಲ್ಲ, ಸ್ವಾಮಿ!

ಮದುವೆಗೆ ಹೋದದ್ದು ಬಾಡಿಗೆ ಕಾರಲ್ಲಿ. ಎರಡು ವಾರ ಬಿಟ್ಟು ಪದ್ಮಿನಿ ಕಾಂಪೌಂಡಿನೊಳಗೇ ಹತ್ತು ಸಲ ಹೊರಟು ಹತ್ತು ಸಲ ನಿಂತಿತು. ಆಮೇಲೇ ಮಾರುತಿ ಸೇವಾನಗರದ ಮೇಲ್ಸೇತುವೆ ಹತ್ತಿ ಇಳಿಯಿತು. ಇಳಿಜಾರಲ್ಲಿ ಮೇಸ್ತ್ರಿಯ ಕಾಲು ಪೆಡಲ್ ಮೇಲಿತ್ತು. ಮುಂದಿದ್ದ ಸ್ಕೂಟರಿನವನಿಗೆ ಇದ್ಯಾವುದೂ ಗೊತ್ತೇ ಆಗಲಿಲ್ಲ.